ಬೋರ್ಡಿಗೆ ಸಿಕ್ಕಿಸಿದ ಹೇರ್‌ಪಿನ್ನು

ಮಾಡುತ್ತಿರುವ ಕೆಲಸದ ನಡುವೆ ಏನಾದರೂ ಎಡವಟ್ಟಾದರೆ ಕೈಯಲ್ಲಿದ್ದುದನ್ನು ಬಿಸಾಡಿ ಓಡುವವರು ಒಂದು ಜಾತಿ. ಅದನ್ನು ಮೆಲ್ಲಗೆ ಕೆಳಗಿಟ್ಟು, ಎಲ್ಲಿಟ್ಟೆನೆಂದು ಗುರುತು ಮಾಡಿಕೊಂಡು ಹೋಗುವವರು ಇನ್ನೊಂದು ಜಾತಿ. ನಾನು ಎರಡನೆಯ ಜಾತಿಗೆ ಸೇರಿದವಳು. ಹೀಗೆ ಹೇಳಿಕೊಳ್ಳಲು ನನಗೆ ಏನೇನೂ ಸಂಕೋಚವಿಲ್ಲ. ನನ್ನ ನಾದಿನಿ ಮೊದಲನೆಯ ಜಾತಿ. ಹಾಲು ಉಕ್ಕಿತೆಂದು ದೋಸೆ ಹೊಯ್ಯುವುದನ್ನು ಬಿಟ್ಟು ಓಡುತ್ತಾಳೆ, ಹಾಲು ಇಳಿಸುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರೆಂದು ಅಲ್ಲಿಗೆ ಹೋಗುತ್ತಾಳೆ, ಅವರ ಹತ್ತಿರ ಮಾತು ಮುಗಿಸಿ ಬಂದು ದೋಸೆ ಯಾಕೆ ಸೀದಿತೆಂದು ಒಲೆಯನ್ನು ಬೈಯುತ್ತಾಳೆ. ಒಲೆ ಏನು ಮಾಡೀತು ಪಾಪ. ಅದರ ಕೆಲಸ ಅದು ಬಿಡದೆ ಮಾಡಿದೆ.

ನಿವೃತ್ತಿಗೆ ಸ್ವಲ್ಪ ಮುಂಚೆ ಇಲಾಖೆಯವರು ನನ್ನಂಥ ಹಳಬರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಹೊಸ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿನ ಪಾಠ ಮಾಡಿಸಿದರು. ಪಾಠ ಮಾಡಲು ಬಂದ ಮೇಷ್ಟ್ರು ತರುಣರು, ಬಹಳ ಓದಿಕೊಂಡವರು. ಕಂಪ್ಯೂಟರಿನ ಒಳಗೆ ಕರ್ನೆಲ್ ಎಂಬ ಯಜಮಾನ ಇರುತ್ತಾನಂತೆ, ಉಳಿದ ಎಲ್ಲ ಕೆಲಸಗಳೂ ಅವನ ಕೈಕೆಳಗಂತೆ. ಯಂತ್ರದಲ್ಲೇ ಆಗಬಾರದ್ದೇನಾದರೂ ಆದರೆ ಅದಕ್ಕೆ ಎಕ್ಸೆಪ್ಷನ್ ಎನ್ನುತ್ತಾರಂತೆ. ಆಗ ಯಜಮಾನ ಗಾಬರಿ ಬೀಳಬಾರದು. ನಡೆಯುತ್ತಿದ್ದ ಕೆಲಸ ಎಲ್ಲಿಗೆ ನಿಂತಿತೆಂದು ಮೊದಲು ಗುರುತಿಡಬೇಕು, ಬೇರೆ ಕೂಗುಗಳಿಗೆ ಸ್ವಲ್ಪ ಹೊತ್ತು ಕಿವಿ ಮುಚ್ಚಬೇಕು, ಕೆಟ್ಟ ಭಾಗವನ್ನು ನೆಚ್ಚದೆ ರಿಪೇರಿ ಮಾಡಬೇಕು, ಆಮೇಲೆ ಕಿವಿ ತೆರೆದು ಗುರುತಿಟ್ಟ ಜಾಗಕ್ಕೇ ವಾಪಸು ಬರಬೇಕು. "ಇದು ಬಹಳ ಸೂಕ್ಷ್ಮದ ಕೆಲಸ ಮೇಡಂ. ರಿಪೇರಿ ಮಾಡೋ ಭಾಗವೇ ತಪ್ಪು ಮಾಡಿಬಿಟ್ಟರೆ ಇಡೀ ಮಿಷನ್ ಕೂತುಬಿಡುತ್ತೆ" ಎಂದರು ಮೇಷ್ಟ್ರು. ನಾನು ಎದ್ದು ನಿಂತು, "ಇದನ್ನು ನಾನು ಅರವತ್ತರ ದಶಕದಲ್ಲೇ ಹೇರ್‌ಪಿನ್ನಿನಲ್ಲಿ ಮಾಡಿದ್ದೇನೆ" ಎಂದೆ. ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಅದು ನಿಜ.

ಆಗ ನಾನು ಕೆಲಸ ಮಾಡುತ್ತಿದ್ದುದು ಹೊಸನಗರಕ್ಕೂ ಸಾಗರಕ್ಕೂ ನಡುವಿನ ಒಂದು ಸಣ್ಣ ಪೇಟೆಯಲ್ಲಿ. ಊರಿನ ಹೆಸರು ಬೇಡ. ಅಲ್ಲಿನವರು ನನ್ನ ಬಗ್ಗೆ ಏನು ತಿಳಿದಿದ್ದಾರೋ ಹಾಗೇ ತಿಳಿದಿರುವುದು ಎಲ್ಲರಿಗೂ ಒಳ್ಳೆಯದು. ಶರಾವತಿಗೆ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಕಂಟ್ರಾಕ್ಟರುಗಳು, ಅಡಿಕೆ ವ್ಯಾಪಾರಿಗಳು, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲಕ್ಕೂ ಫೋನು ಬಂದಿತ್ತು. ಪೋಸ್ಟಾಫೀಸಿನ ಪಕ್ಕದ ಒಂದು ಕೋಣೆಯೇ ಎಕ್ಸ್‌ಚೇಂಜು. ಗೋಡೆಯ ಹತ್ತಿರ ಮರದ ಬೋರ್ಡು. ಅದರಲ್ಲಿ ಪ್ರತಿಯೊಬ್ಬ ಫೋನಿನವರಿಗೂ ಒಂದೊಂದು ತೂತು, ತೂತಿನ ಮೇಲೆ ಹಿತ್ತಾಳೆಯ ಪುಟ್ಟ ಬಾಗಿಲು. ಆ ಮನೆಯವರು ಫೋನಿನ ಹಿಡಿಕೆ ತಿರುಗಿಸಿದರೆ ಇಲ್ಲಿ ಅವರ ಬಾಗಿಲು ಟಪ್ಪೆಂದು ಬೀಳುತ್ತದೆ, ಗಂಟೆ ಬಾರಿಸುತ್ತದೆ. ನಾನು ಒಂದು ಹುರಿಯ ತುದಿಯನ್ನು ಅವರ ತೂತಿಗೆ ಸಿಕ್ಕಿಸಿ ಯಾರು ಬೇಕೆಂದು ಕೇಳಿ, ಅದರ ಜೋಡಿ ಹುರಿಯನ್ನು ಬೇಕಾದವರ ತೂತಿಗೆ ಸಿಕ್ಕಿಸಿದರೆ ಮಾತು ಶುರು. ಮುಗಿದ ಮೇಲೆ ಅವರು ಮತ್ತೊಮ್ಮೆ ತಿರುಗಿಸುತ್ತಾರೆ, ಹುರಿಯ ಪಾಲಿನ ಇನ್ನೊಂದು ಬಾಗಿಲು ಬೀಳುತ್ತದೆ, ನಾನು ಹುರಿ ಕೀಳುತ್ತೇನೆ. ಇಷ್ಟೇ ಕೆಲಸ. ನನಗಂತೂ ಆ ಬೋರ್ಡಿನ ಮೇಲೆ ಪ್ರಾಣವೇ ಇತ್ತು. ಕೋಣಂದೂರಿನ ನಮ್ಮ ಮನೆಯಲ್ಲಿ ನಾನು ಹೇಳಿದ ಮಾತು ಅಡಿಗೆಮನೆಯಿಂದ ಜಗಲಿಗೆ ತಲುಪುವುದೇ ಕಷ್ಟವಾಗಿತ್ತು. ಇಲ್ಲಿ ನಾನು ಕೈ ಆಡಿಸದಿದ್ದರೆ ಯಾರ ಮಾತೂ ಎಲ್ಲಿಗೂ ತಲುಪುತ್ತಿರಲಿಲ್ಲ.

ತೊಂದರೆ ಇದ್ದುದು ಯಂತ್ರ ಹುಚ್ಚು ಹಿಡಿದಾಗ. ಗಾಳಿಗೆ ಎರಡು ತಂತಿ ಒಂದಕ್ಕೊಂದು ತಾಗಿದರೆ ಒಬ್ಬರು ತಿರುಗಿಸಿದ್ದಕ್ಕೆ ಇನ್ನೊಬ್ಬರ ಬಾಗಿಲೂ ಬೀಳುತ್ತದೆ. ಯಾರು ನಿಜವಾಗಿ ಕರೆದರು, ಯಾರ ಮಾತು ಮುಗಿಯಿತು, ಯಾರದು ಇನ್ನೂ ನಡೆಯುತ್ತಿದೆ, ಒಂದೂ ಗೊತ್ತಾಗುವುದಿಲ್ಲ. ನನಗಿಂತ ಮುಂಚೆ ಇದ್ದವರು ಇಂಥ ಹೊತ್ತಿನಲ್ಲಿ ದೇವರ ಮೇಲೆ ಭಾರ ಹಾಕಿ ಎಲ್ಲ ಹುರಿಗಳನ್ನೂ ಕಿತ್ತುಬಿಡುತ್ತಿದ್ದರಂತೆ. ಅಡಿಕೆ ಮಂಡಿಯ ಗಣಪತಿ ಭಟ್ಟರು ಬೀಗರ ಹತ್ತಿರ ಮಗಳ ಮದುವೆಯ ಮಾತಾಡುತ್ತಿದ್ದಾಗ ಹೀಗೆ ಹುರಿ ಕಿತ್ತದ್ದಕ್ಕೆ ಅವರು ಛತ್ರಿ ಹಿಡಿದು ನಡೆದುಕೊಂಡೇ ಬಂದು, "ಎನ್ನ ಮಾತು ಇನ್ನೂ ಮುಗದ್ದಿಲ್ಲೆ, ಎಂತಕ್ಕೆ ಕಿತ್ತೆ ಮಾರಾಯ?" ಎಂದು ಗದರಿಸಿ ಹೋಗಿದ್ದರಂತೆ.

ನಾನು ಬಂದ ಮೇಲೆ ಒಂದು ಕ್ರಮ ಮಾಡಿಕೊಂಡೆ. ನನಗೆ ಆಗ ದಟ್ಟ ಕೂದಲು, ಸೊಂಟದಿಂದ ಕೆಳಗೆ ಇಳಿಯುತ್ತಿತ್ತು. ಕಿವಿಗೆ ಹಾಕುವ ಹೆಡ್‌ಫೋನಿನ ಪಟ್ಟಿಗೆ ಜಡೆ ಅಡ್ಡ ಬರುವುದರಿಂದ ತುರುಬು ಕಟ್ಟಿ ಹೇರ್‌ಪಿನ್ನು ಸಿಕ್ಕಿಸಿಕೊಳ್ಳುತ್ತಿದ್ದೆ. ಎಡವಟ್ಟಾದ ಕೂಡಲೇ ಯಾವ ಹುರಿಯನ್ನೂ ಕೀಳದೆ, ತಲೆಯಿಂದ ಒಂದೊಂದೇ ಪಿನ್ನು ತೆಗೆದು, ಬೋರ್ಡಿನಲ್ಲಿರುವ ಒಂದೊಂದು ಜೋಡಿ ಹುರಿಗೆ ಹಾಕುತ್ತಿದ್ದೆ. ಪಿನ್ನು ಇದ್ದ ಜೋಡಿ ಮಾತಾಡುತ್ತಿದೆ ಎಂದೇ ಲೆಕ್ಕ. ಕೇಳಿ ಖಾತ್ರಿ ಮಾಡಿಕೊಳ್ಳದೆ ಅದನ್ನು ಬ್ರಹ್ಮ ಬಂದರೂ ಮುಟ್ಟುವಂತಿಲ್ಲ. ಆಮೇಲೆ ಕೆಟ್ಟ ತಂತಿ ಯಾವುದೆಂದು ಹುಡುಕಿ ಅದರ ತೂತಿಗೆ ಮರದ ಬೆಣೆ ಹಾಕಿ ಬಾಯಿ ಮುಚ್ಚಿಸುವುದು, ಉಳಿದ ಬಾಗಿಲುಗಳನ್ನೆಲ್ಲ ಮೇಲೆತ್ತುವುದು, ಕಡೆಗೆ ಒಂದೊಂದೇ ಪಿನ್ನು ತಲೆಗೆ ವಾಪಸು. ಎಕ್ಸ್‌ಚೇಂಜು ಎಷ್ಟು ಕೆಟ್ಟಿದೆಯೆಂದು ನನ್ನ ತುರುಬು ನೋಡಿಯೇ ಹೇಳಬಹುದಾಗಿತ್ತು.

ಕೆಲಸದ ನಡುವೆ ಗಂಟೆ ಬಾರಿಸುತ್ತಲೇ ಇದ್ದರೆ ಬುದ್ಧಿ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಗಂಟೆಯ ಸ್ವಿಚ್ಚು ಆರಿಸಬೇಕು. ಆರಿಸಿದವರು ಮತ್ತೆ ಹಾಕಬೇಕು, ಅದೇ ಮುಖ್ಯ. ಸಂಜೆಯ ಪಾಳಿಯ ಶ್ಯಾಮಣ್ಣನಿಗೆ ನಾನು ಈ ಕ್ರಮ ಹೇಳಿಕೊಟ್ಟೆ. ಆತ ಪೂರ್ತಿ ಬೋಳುತಲೆಯವನು, ಪಿನ್ನಿನ ಪಾಠ ಅವನಿಗೆ ದಕ್ಕಲಿಲ್ಲ. ಗಂಟೆ ಆರಿಸುವುದನ್ನು ಮಾತ್ರ ಚೆನ್ನಾಗಿ ಕಲಿತ. ಒಂದು ಸಂಜೆ ಏನೋ ರಿಪೇರಿಗೆಂದು ಗಂಟೆ ಆರಿಸಿ, ರಿಪೇರಿ ಮುಗಿಸಿ, ಸ್ವಿಚ್ಚು ಹಾಕುವುದು ಮರೆತು ಎಲೆಯಡಿಕೆ ಹಾಕಿಕೊಂಡು ಕೂತಿದ್ದಾನೆ. ಬೋರ್ಡಿನ ತುಂಬ ಬಾಗಿಲು ಬಿದ್ದಿವೆ, ಊರೆಲ್ಲ ಹಿಡಿಕೆ ತಿರುಗಿಸಿ ಕೈ ಸೋತು ಕೂತಿದೆ. "ಇವತ್ತು ಲೈನು ಭಾಳ ತಣ್ಣಗೈತೆ ಅಂದ್ಕೊಂಡೆ" ಎಂದ, ಮರುದಿನ ಕೇಳಿದರೆ.

ಇನ್ನೊಂದು ಗೋಜಲೂ ಇತ್ತು. ತಂತಿ ಕೆಟ್ಟರೆ ಲೈನ್‌ಮನ್ ತಿಮ್ಮಪ್ಪನನ್ನು ಕರೆಸಬೇಕು. ತಿಮ್ಮಪ್ಪ ಹಗಲೆಲ್ಲ ಎದುರುಬೀದಿಯ ಕಾಫಿ ಹೋಟೆಲಿನಲ್ಲಿರುತ್ತಿದ್ದ, ಆ ಹೋಟೆಲಿಗೆ ಫೋನಿತ್ತು, ಫೋನು ಮಾಡಿ ಕರೆಸುವುದು ಪದ್ಧತಿ. ಹೋಟೆಲಿನ ತಂತಿಯೂ ಅದೇ ಕಂಬಗಳ ಮೇಲೆ ಹೋಗುತ್ತದೆ, ಕಂಬ ಕೆಟ್ಟಾಗ ಅದೂ ಕೆಡುತ್ತದೆ ಎಂದು ಅಷ್ಟು ವರ್ಷ ಯಾರೂ ಯೋಚಿಸಿರಲಿಲ್ಲ. ಫೋನು ಕೆಟ್ಟಿದೆ ಎಂದು ತಿಳಿಸಲು ಎಲ್ಲರೂ ಶ್ರದ್ಧೆಯಿಂದ ಕೆಟ್ಟ ಫೋನನ್ನೇ ತಿರುಗಿಸುತ್ತಿದ್ದರು. ನಾನು ಒಂದು ಕೆಂಪು ರವಿಕೆ ಕಣ ಇಟ್ಟುಕೊಂಡೆ. ಕಿಟಕಿಯ ಸರಳಿಗೆ ಕಣ ಕಟ್ಟಿದರೆ ಹೋಟೆಲಿನ ಬೆಂಚಿನಿಂದ ತಿಮ್ಮಪ್ಪನಿಗೆ ಕಾಣುತ್ತದೆ, ಲೋಟ ಕೆಳಗಿಟ್ಟು ಏಣಿ ಹೊತ್ತು ಬರುತ್ತಾನೆ. ಬಟ್ಟೆಗೆ ತಂತಿ ಬೇಡ ನೋಡಿ.

ಇಷ್ಟೆಲ್ಲ ಇದ್ದರೂ ನನ್ನ ನೌಕರಿ ತಾತ್ಕಾಲಿಕದ್ದು. ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸಲು ಶಿವಮೊಗ್ಗದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಹೆಣ್ಣುಮಕ್ಕಳು ಒಬ್ಬರೇ ಬೋರ್ಡಿನಲ್ಲಿ ಕೂರುವುದು ಅವರಿಗೆ ಹಿಡಿಸುವುದಿಲ್ಲವೆಂದು ಮೊದಲೇ ಸುದ್ದಿ ಬಂದಿತ್ತು. ಕೋಣಂದೂರಿನಲ್ಲಿ ಅಮ್ಮ ಅಕ್ಕಿ ಗಿರಣಿಯವರ ಮಗನೊಬ್ಬನನ್ನು ನೋಡಿಟ್ಟಿದ್ದಳು. "ಖಾಯಂ ಆಗ್ಲಿಲ್ಲ ಅಂದ್ರೆ ಸುಮ್ನೆ ಬಸ್ ಹತ್ತಿ ಬಾ. ವೈಶಾಖದಲ್ಲಿ ಮುಗ್ಸಿಬಿಡ್ತೀವಿ. ಗಿರಣಿಯವ್ರು ಸೊಸೆ ನೌಕ್ರಿ ಮಾಡೋದು ಬ್ಯಾಡ ಅಂತಾರೆ" ಎಂದು ಹೇಳಿ ಕಳಿಸಿದ್ದಳು. ಬೋರ್ಡು ತಪ್ಪಿದರೆ ಬಾಸಿಂಗ, ಇದು ನನ್ನ ಪರಿಸ್ಥಿತಿ. ಗಿರಣಿಯ ಹುಡುಗ ಕೆಟ್ಟವನೇನಲ್ಲ. ಆದರೆ ಗಿರಣಿಯ ಸದ್ದಿನಲ್ಲಿ ಬೆಳೆದು ಎಲ್ಲ ಮಾತಿಗೂ "ಆಂ?" ಎನ್ನುತ್ತಿದ್ದ. ದಿನವಿಡೀ ಊರಿನ ಮಾತನ್ನು ಸ್ಪಷ್ಟವಾಗಿ ದಾಟಿಸುವವಳು ಜೀವಮಾನವಿಡೀ ಒಂದೇ ಮಾತನ್ನು ಎರಡೆರಡು ಸಲ ಹೇಳಬೇಕೆಂದರೆ ನನಗೆ ಅಳು ಬರುತ್ತಿತ್ತು.

ಸಾಹೇಬರು ಬಂದದ್ದು ಬಿಸಿಲು ಏರಿದ ಒಂದು ಮಧ್ಯಾಹ್ನ. ಮೈಸೂರು ಕಡೆಯವರು, ಎತ್ತರದ ಆಳು, ಮಿರಿಮಿರಿ ಪಾಲಿಶಿನ ಬೂಟು. ನನ್ನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತು, "ನೋಡಮ್ಮ, ನಾನು ಹೆಣ್ಣುಮಕ್ಕಳ ವಿರೋಧಿ ಅಲ್ಲ. ಎಲ್ಲಾ ಸರಿಯಿದ್ದಾಗ ಯಾರು ಬೇಕಾದರೂ ಹುರಿ ಸಿಕ್ಕಿಸುತ್ತಾರೆ. ಯಂತ್ರ ಕೈಕೊಟ್ಟಾಗ ಗಾಬರಿಬಿದ್ದರೆ ಗತಿ ಏನು ಅಂತ ನನ್ನ ಪ್ರಶ್ನೆ" ಎಂದರು. ಯಂತ್ರ ಅವರ ಮಾತು ಕೇಳಿಸಿಕೊಂಡಿತೆಂದು ಕಾಣುತ್ತದೆ. ಆ ದಿನಗಳಲ್ಲಿ ಕಾಡಿನಿಂದ ಬಿದಿರು ಹೇರಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅಂಥ ಒಂದು ಲಾರಿ ತೀರ್ಥಹಳ್ಳಿ ರಸ್ತೆಯ ತಿರುವಿನಲ್ಲಿ ವಾಲಿತು; ಮೇಲೆ ಚಾಚಿಕೊಂಡಿದ್ದ ಬಿದಿರು ಅಲ್ಲಿನ ನಮ್ಮ ತಂತಿಗಳನ್ನೆಲ್ಲ ಒಂದೇ ಹಿಡಿಗೆ ಬಾಚಿ, ಹೆಣೆದು, ಮುಂದೆ ಹೋಯಿತು. ಬೋರ್ಡಿನ ಅರ್ಧಕ್ಕರ್ಧ ಬಾಗಿಲು ಪಟಪಟನೆ ಬಿದ್ದವು. ಹುರಿಗಳ ಬಾಗಿಲೂ ಬಿದ್ದವು. ಗಂಟೆ ಬಡಿದುಕೊಳ್ಳತೊಡಗಿತು. ಆ ಹೊತ್ತಿಗೆ ಆಸ್ಪತ್ರೆಯ ಡಾಕ್ಟರು ಹೆರಿಗೆಯ ಒಂದು ಕಷ್ಟದ ವಿಷಯವಾಗಿ ಸಾಗರದ ಲೈನಿನಲ್ಲಿ ಶಿವಮೊಗ್ಗದ ದೊಡ್ಡ ಡಾಕ್ಟರನ್ನು ಕೇಳುತ್ತಿದ್ದರು. ಆಸ್ಪತ್ರೆಯ ತಂತಿಯೂ ಸಾಗರದ ತಂತಿಯೂ ಇನ್ನೊಂದು ದಿಕ್ಕಿನವು, ಕೆಟ್ಟಿರಲಿಲ್ಲ. ನಾನೇನಾದರೂ ಗಡಿಬಿಡಿಯಲ್ಲಿ ಅವರ ಹುರಿ ಕಿತ್ತಿದ್ದರೆ ಮಾತ್ರ ಮಾತು ತುಂಡಾಗುತ್ತಿತ್ತು.

ನಾನು ಗಂಟೆ ಆರಿಸಿದೆ. ಮೊದಲ ಪಿನ್ನು ಡಾಕ್ಟರ ಹುರಿಗೆ. ಎದ್ದು ಕೆಂಪು ಕಣ ಕಿಟಕಿಗೆ ಕಟ್ಟಿದೆ. ಕೂತು ಉಳಿದ ಹುರಿಗಳಿಗೆ ಪಿನ್ನು ಹಾಕುತ್ತ ಹೋದೆ. ಅಂದು ಹುರಿಗಳೂ ಬಹಳವಿದ್ದವು. ತುರುಬು ಸಡಿಲವಾಯಿತು, ವಾಲಿತು, ಕಡೆಯ ಪಿನ್ನು ತೆಗೆದಾಗ ಕೂದಲೆಲ್ಲ ಬಿಚ್ಚಿ ಬೆನ್ನ ಮೇಲೆ ಹರಡಿ ಕುರ್ಚಿಯ ಕೆಳಗೆ ಇಳಿಯಿತು. ಅದನ್ನು ನೋಡಿಕೊಳ್ಳಲು ನನಗೆಲ್ಲಿ ಪುರಸೊತ್ತು? ಒಂದೊಂದೇ ತಂತಿಗೆ ಕಿವಿ ಕೊಟ್ಟು "ಹೂಂ… ಹೂಂ… ಹೇಳಿ" ಎಂದು ಪರೀಕ್ಷಿಸುತ್ತ, ಕೆಟ್ಟದ್ದಕ್ಕೆ ಬೆಣೆ ಹೊಡೆಯುತ್ತ, ಸರಿಯಿದ್ದವರಿಗೆ ಸಮಾಧಾನ ಹೇಳುತ್ತ ಕೂತೆ. ಬಿಸಿಲಿಗೆ ಮುಖ ಕೆಂಪಾಗಿತ್ತು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು.

ಇನ್ನು ಹೊರಗೆ ನಡೆದದ್ದನ್ನು ನಾನು ಕಂಡಿಲ್ಲ. ಎರಡು ಕಿವಿಗೂ ಹೆಡ್‌ಫೋನಿತ್ತು, ಕಣ್ಣು ಬೋರ್ಡಿನ ಮೇಲಿತ್ತು. ಆಮೇಲೆ ತಿಮ್ಮಪ್ಪ ಹೇಳಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಜಗಲಿಯ ಬೆಂಚಿನ ಮೇಲೆ ಪುಟ್ಟಮ್ಮ ಹೆಗ್ಗಡ್ತಿ ಎಂಬ ಹಿರಿಯರು ಸಾಗರದ ಮಗಳಿಗೆ ಫೋನು ಮಾಡಬೇಕೆಂದು ಕಾಯುತ್ತಿದ್ದರು. ಅವರ ಒಂದು ಕಿವಿಯ ಬೆಂಡೋಲೆ ಕಳೆದಿತ್ತು, ಆ ದುಃಖವನ್ನು ಮಗಳಿಗೆ ಹೇಳುವುದಕ್ಕೇ ಬಂದಿದ್ದರು. ಇದ್ದಕ್ಕಿದ್ದಂತೆ ಗಂಟೆ ಬಡಿಯಿತು, ನಿಂತಿತು. ಕಿಟಕಿಗೆ ಕೆಂಪು ಕಣ ಬಂತು. ಒಳಗೆ ನೋಡಿದರೆ ಒಂದು ಹೆಣ್ಣು ತಲೆ ಬಿಚ್ಚಿ ಕೂದಲು ಹರಡಿಕೊಂಡು ಹೂಂಕರಿಸುತ್ತಿದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಅರ್ಥ ಒಂದೇ, ಮೈಮೇಲೆ ದೇವರು ಬಂದಿದೆ. ಹೆಗ್ಗಡ್ತಿಯವರು ಕೈಮುಗಿದು, "ದರ್ಶನ ಬಂದೈತೆ, ಯಾರೂ ಮಾತಾಡ್ಬ್ಯಾಡಿ" ಎಂದರಂತೆ. ದಾರಿಯಲ್ಲಿ ಹೋಗುತ್ತಿದ್ದವರು ಚಪ್ಪಲಿ ಬಿಟ್ಟು ಸಾಲಾಗಿ ನಿಂತರಂತೆ. ಹೆಗ್ಗಡ್ತಿಯವರು ಸರಳಿಗೆ ಹಣೆಯಿಟ್ಟು, "ತಾಯಿ, ನನ್ ಬೆಂಡೋಲೆ ಸಿಗ್ತದಾ?" ಎಂದು ಕೇಳಿದ್ದಾರೆ. ನಾನು ಆ ಕ್ಷಣಕ್ಕೆ ಠಾಣೆಯವರಿಗೆ, "ಸಿಗುತ್ತೆ, ಸ್ವಲ್ಪ ತಾಳಿ" ಎನ್ನುತ್ತಿದ್ದೆ. "ಎಲ್ಲೈತೆ ತಾಯಿ?" ಎಂದರೆ, ತಮ್ಮ ಲೈನು ಎಲ್ಲಿ ಹೋಯಿತೆಂದು ರೇಗುತ್ತಿದ್ದ ಗಣಪತಿ ಭಟ್ಟರಿಗೆ ನಾನು, "ನಿಮ್ಮದು ಎಲ್ಲಿತ್ತೋ ಅಲ್ಲೇ ಇದೆ, ಹೆದರಬೇಡಿ" ಎಂದಿದ್ದೇನೆ. ಹೆಗ್ಗಡ್ತಿಯವರು ಫೋನನ್ನು ಮರೆತು ನೇರ ಮನೆಗೆ ಹೋಗಿ, ಬೆಂಡೋಲೆ ಯಾವಾಗಲೂ ಇಡುತ್ತಿದ್ದ ಅಕ್ಕಿ ಡಬ್ಬಿಯನ್ನು ತಳದವರೆಗೆ ಸುರಿದು ನೋಡಿದರೆ ಅಲ್ಲೇ ಇತ್ತು. ಡಬ್ಬಿಯ ಮೇಲೆಮೇಲೆ ಕೈಯಾಡಿಸಿ ಇಲ್ಲವೆಂದು ಅತ್ತುಕೊಂಡಿದ್ದರು, ಅಷ್ಟೇ. ಒಂದು ತೆಂಗಿನಕಾಯಿ ಹಿಡಿದು ಅವರು ಓಡಿ ಬರುವುದಕ್ಕೂ ತಿಮ್ಮಪ್ಪ ತಂತಿ ಬಿಡಿಸಿ ಕಂಬ ಇಳಿಯುವುದಕ್ಕೂ ಸರಿಹೋಯಿತು.

ಒಳಗೆ ನಾನು ಬೆಣೆಗಳನ್ನು ತೆಗೆದು, ಬಾಗಿಲುಗಳನ್ನು ಎತ್ತಿ, ಮಾತು ಮುಗಿದವರ ಹುರಿ ಕಿತ್ತು, ಪಿನ್ನುಗಳನ್ನು ಮಡಿಲಿಗೆ ಹಾಕಿಕೊಂಡೆ. ಗಂಟೆಯ ಸ್ವಿಚ್ಚು ಹಾಕಿದೆ. ಡಾಕ್ಟರ ಹುರಿ ಮಾತ್ರ ಹಾಗೇ ಇತ್ತು. ಅವರ ಮಾತು ಸಾವಕಾಶವಾಗಿ ಮುಗಿಯಿತು. ಎಂಥದೋ ಎಡವಟ್ಟಾಗಿತ್ತೆಂದೇ ಅವರಿಗೆ ಗೊತ್ತಿರಲಿಲ್ಲ. ಆ ಸಂಜೆ ತಾಯಿ ಮಗು ಇಬ್ಬರೂ ಕ್ಷೇಮವೆಂದು ತಿಳಿದಾಗ ನನಗೆ ಆದ ಸಂತೋಷವನ್ನು ಹೇಳಲಾರೆ. ಬೆವರು ಒರೆಸಿಕೊಂಡು ಹಿಂದೆ ತಿರುಗಿದೆ. ಸಾಹೇಬರು ಕುರ್ಚಿ ಬಿಟ್ಟು ಗೋಡೆಗೆ ಒರಗಿ ನಿಂತಿದ್ದರು. ಬೂಟು ಬಿಚ್ಚಿದ್ದರು. ಮೈಸೂರಿನವರಿಗೆ ನಮ್ಮ ಸೆಕೆ ತಡೆಯುವುದಿಲ್ಲವೆಂದುಕೊಂಡೆ. "ಆಯ್ತೇ… ತಾಯಿ?" ಎಂದು ಕೇಳಿದರು.

ಇದೇ ಸಮಯವೆಂದು ನಾನು ನನ್ನ ಕ್ರಮವನ್ನು ಮೊದಲಿಂದ ಕಡೆಯವರೆಗೆ ವಿವರಿಸಿದೆ. ಗುರುತು ಯಾಕೆ ಮೊದಲು, ಗಂಟೆ ಯಾಕೆ ಆರಿಸಬೇಕು, ಕೆಟ್ಟದ್ದನ್ನು ಯಾಕೆ ನೆಚ್ಚಬಾರದು, ಎಲ್ಲವನ್ನೂ ಹೇಳಿದೆ. ಅಷ್ಟು ಶ್ರದ್ಧೆಯಿಂದ ಕೇಳಿದ ಅಧಿಕಾರಿಯನ್ನು ನನ್ನ ಇಡೀ ನೌಕರಿಯಲ್ಲಿ ಇನ್ನೊಬ್ಬರನ್ನು ಕಂಡಿಲ್ಲ. ಕೈ ಕಟ್ಟಿಕೊಂಡು, ತಲೆ ತಗ್ಗಿಸಿ, ಪ್ರತಿ ಮಾತಿಗೂ "ಸರಿ, ಸರಿ" ಎಂದರು. ನನ್ನ ವಿವರಣೆ ಅಷ್ಟು ಚೆನ್ನಾಗಿತ್ತು. ಮುಗಿದ ಮೇಲೆ ಅವರು ಬಾಗಿಲತ್ತ ನೋಡಿ, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿ ಕೇಳಿದರು: "ನನಗೆ ಮೈಸೂರಿಗೆ ವರ್ಗ ಆಗುತ್ತಾ? ಅಲ್ಲಿ ವಯಸ್ಸಾದ ಅತ್ತೆಯವರಿದ್ದಾರೆ, ಹೆಂಡತಿ ದಿನಾ ಜಗಳ ಮಾಡ್ತಾಳೆ."

ನಾನು ಕಣ್ಣು ಕಣ್ಣು ಬಿಟ್ಟೆ. ಕಿಟಕಿಯ ಕಡೆ ನೋಡಿದೆ. ಕೆಂಪು ಕಣದ ಕೆಳಗೆ ಒಡೆದ ತೆಂಗಿನಕಾಯಿ, ಉರಿಯುವ ಕರ್ಪೂರ, ಎರಡು ಕಿವಿಗೂ ಬೆಂಡೋಲೆ ಹಾಕಿಕೊಂಡು ಕೈಮುಗಿದ ಹೆಗ್ಗಡ್ತಿ, ಅವರ ಹಿಂದೆ ಅರ್ಧ ಪೇಟೆ. ಎಲ್ಲ ತಿಳಿಯಿತು. ಎಡವಟ್ಟಾದಾಗ ಗಾಬರಿಯಾಗಬಾರದು ಎಂದು ಆಗಷ್ಟೇ ಉಪದೇಶ ಮಾಡಿದವಳು ನಾನು. ಆದದ್ದಾಗಲಿ ಎಂದು ಗಂಭೀರವಾಗಿ ಹೇಳಿದೆ: "ಹಿಡಿದ ಕೆಲಸ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಿದರೆ ಎರಡೂ ಕೆಡುತ್ತವೆ. ನೀವು ಯಾವ ಕೆಲಸಕ್ಕೆ ಇಲ್ಲಿಗೆ ಬಂದಿರೋ ಅದನ್ನು ಮೊದಲು ಮುಗಿಸಿ. ಆಮೇಲೆ ನಿಮ್ಮದು ಆಗುತ್ತೆ." ಇದು ಬೋರ್ಡಿನ ಮುಂದೆ ಕೂರುವ ಯಾರಿಗಾದರೂ ಒಪ್ಪುವ ಮಾತು, ಒಂದಕ್ಷರ ಸುಳ್ಳಿಲ್ಲ. ಅವರು ಅದನ್ನು ಯಾರ ಬಾಯಿಂದ ಬಂದ ಮಾತೆಂದು ತಿಳಿದರೋ ಅದು ಅವರಿಗೂ ಆ ತಾಯಿಗೂ ಬಿಟ್ಟದ್ದು.

ಖಾಯಂ ಆದೇಶ ಎಷ್ಟು ಬೇಗ ಬಂತೆಂದರೆ ಇಲಾಖೆಯಲ್ಲಿ ಅಂಥದ್ದು ನಡೆದೇ ಇಲ್ಲವೆಂದು ಶ್ಯಾಮಣ್ಣ ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತಾನೆ. ಸಾಹೇಬರಿಗೂ ವರ್ಗವಾಯಿತು, ಮೈಸೂರಿಗೇ. ಗಿರಣಿಯವರ ಮಗನಿಗೆ ಗಟ್ಟಿ ಗಂಟಲಿನ ಹೆಂಡತಿ ಸಿಕ್ಕಿ ಇಬ್ಬರೂ ಸುಖವಾಗಿದ್ದಾರೆ. ನಾನು ಖಾಯಂ ಆದದ್ದು ನನ್ನ ಕ್ರಮದಿಂದ, ಕಷ್ಟಪಟ್ಟು ಕಲಿತ ಕೆಲಸದಿಂದ. ಕೇಳಿದವರಿಗೆಲ್ಲ ಹಾಗೇ ಹೇಳಿದ್ದೇನೆ, ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಇನ್ಸ್‌ಪೆಕ್ಷನ್ನಿನ ಬೆಳಿಗ್ಗೆ ನಾನು ತಪ್ಪದೆ ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡಿ, ಕೂದಲು ಬಿಟ್ಟುಕೊಂಡೇ ಆಫೀಸಿಗೆ ಹೋಗುತ್ತಿದ್ದೆ ಎಂಬುದನ್ನು ಕೆಲವರು ಆಡಿಕೊಳ್ಳುತ್ತಾರೆ. ಒದ್ದೆ ಕೂದಲನ್ನು ಕಟ್ಟಿದರೆ ನೆಗಡಿಯಾಗುತ್ತದೆ, ಅದಕ್ಕೆ.